ಬೊಲೋನ್ಯದಲ್ಲಿ ಪಾಠದ ಕಾಲವಿಭಾಗ

ಗ್ರಂಥವೊಂದರ ಪಾಠವನ್ನು ಅವಧಿಯೊಳಗೆ ಮುಗಿಸುವ ಕ್ರಮವನ್ನು ಗೊತ್ತುಪಡಿಸುವವರು ಯಾರು? ಮಧ್ಯಯುಗದ ಇಟಲಿಯ ಬೊಲೋನ್ಯದಲ್ಲಿ ಆ ಅಧಿಕಾರ ವಿದ್ಯಾರ್ಥಿಗಳದಾಗಿತ್ತು. ಪರಸ್ಥಳಗಳಿಂದ ಬಂದ ನ್ಯಾಯಶಾಸ್ತ್ರದ ವಿದ್ಯಾರ್ಥಿಗಳು ಸಂಘ ಕಟ್ಟಿ, ತಮ್ಮೊಳಗಿನವನನ್ನೇ ರೆಕ್ಟರನನ್ನಾಗಿ ಆರಿಸುತ್ತಿದ್ದರು. 14ನೆಯ ಶತಮಾನದ ಅವರ ನಿಬಂಧನೆಗಳಂತೆ ಜಸ್ಟಿನಿಯನ್ನನ ನ್ಯಾಯಸಂಹಿತೆಯನ್ನು ‘ಪುಂಕ್ಟ’ಗಳೆಂಬ ಭಾಗಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ದಿನಗಳ ಮಿತಿಯನ್ನು ವಿಧಿಸಲಾಗಿತ್ತು. ಮಿತಿ ಮೀರಿದ ಅಧ್ಯಾಪಕನು ದಂಡ ತೆರಬೇಕಿತ್ತು. ಅದಕ್ಕೆಂದು ಮುಂಗಡವಾಗಿ ಠೇವಣಿಯನ್ನೂ ಇಡಬೇಕಿತ್ತು. ಕಠಿಣ ವಿಷಯವನ್ನು ಪಾಠದ ಕೊನೆಗೆ ದೂಡುವುದು ನಿಷಿದ್ಧವಾಗಿತ್ತು.

ಅಧ್ಯಾಪಕರ ಜೀವನವು ವಿದ್ಯಾರ್ಥಿಗಳ ಶುಲ್ಕವನ್ನು ಅವಲಂಬಿಸಿದ್ದುದೇ ಈ ಅಧಿಕಾರದ ಮೂಲ. ನಗರಾಡಳಿತವು ವೇತನ ಕೊಡತೊಡಗಿದಂತೆ ಅದು ಕ್ರಮೇಣ ಕ್ಷೀಣಿಸಿತು. ದಂಡದ ಕಾಠಿಣ್ಯವನ್ನು ನಾವು ಅನುಸರಿಸಬೇಕಿಲ್ಲ. ಆದರೆ ಇಂದಿನ ಸೆಮಿಸ್ಟರಿನಲ್ಲಿ ಪಠ್ಯದ ಅಧ್ಯಾಯಗಳನ್ನು ವಿದ್ಯಾರ್ಥಿಗಳಿಂದಲೇ ಮಂಡಿಸಲೆಳಸುವ ನಾವು, ಮಂಡನೆಯ ದಿನಗಳನ್ನು ಗೊತ್ತುಪಡಿಸುವಲ್ಲಿಯೂ ಅವರ ಮಾತಿಗೆ ಎಡೆಗೊಡುವುದು ಯುಕ್ತ. ತಾವೇ ಒಪ್ಪಿದ ಮಿತಿಯನ್ನು ಅವರು ಹೊರೆಯೆಂದೆಣಿಸಲಾರರು.