ರಾಷ್ಟ್ರೀಯ ತನಿಖಾ ಸಂಸ್ಥೆ: ಸ್ಥಾಪನೆ, ಅಧಿಕಾರ ವ್ಯಾಪ್ತಿ ಮತ್ತು ಸಾರ್ವಜನಿಕರಿಗೆ ಮಾಹಿತಿ

ರಾಷ್ಟ್ರೀಯ ತನಿಖಾ ಸಂಸ್ಥೆಯು (ಎನ್.ಐ.ಎ.) ಭಯೋತ್ಪಾದನೆ ಹಾಗೂ ರಾಷ್ಟ್ರದ ಭದ್ರತೆಗೆ ಧಕ್ಕೆ ತರುವ ಇತರ ನಿರ್ದಿಷ್ಟ ಅಪರಾಧಗಳ ತನಿಖೆಗಾಗಿ ಸ್ಥಾಪಿತವಾದ ಕೇಂದ್ರ ಸರ್ಕಾರದ ಸಂಸ್ಥೆಯಾಗಿದೆ. ಇದು ಕೇಂದ್ರ ಗೃಹ ಸಚಿವಾಲಯದ ಅಧೀನದಲ್ಲಿದ್ದು, ಇದರ ಕೇಂದ್ರ ಕಛೇರಿಯು ನವದೆಹಲಿಯಲ್ಲಿದೆ. ಸಂಸ್ಥೆಯು ಯಾವ ಪ್ರಕರಣಗಳನ್ನು ತನಿಖೆ ಮಾಡುತ್ತದೆ, ಪ್ರಕರಣವು ಸ್ಥಳೀಯ ಪೊಲೀಸರಿಂದ ಸಂಸ್ಥೆಗೆ ಹೇಗೆ ವರ್ಗಾವಣೆಯಾಗುತ್ತದೆ, ದೂರು ಅಥವಾ ಮಾಹಿತಿ ನೀಡಬಯಸುವ ನಾಗರಿಕರು ಯಾರನ್ನು ಸಂಪರ್ಕಿಸಬೇಕು ಎಂಬ ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

1. ಸ್ಥಾಪನೆಯ ಹಿನ್ನೆಲೆ

ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ಪೊಲೀಸ್ ಹಾಗೂ ಸಾರ್ವಜನಿಕ ಸುವ್ಯವಸ್ಥೆ ರಾಜ್ಯ ಪಟ್ಟಿಗೆ ಸೇರಿದ ವಿಷಯಗಳು. ಆದುದರಿಂದ ಅಪರಾಧ ತನಿಖೆಯು ಮೂಲತಃ ರಾಜ್ಯ ಪೊಲೀಸರ ಹೊಣೆಯಾಗಿದೆ. ಆದರೆ ಒಂದು ರಾಜ್ಯದಲ್ಲಿ ಸಂಚು ನಡೆದು, ಇನ್ನೊಂದರಲ್ಲಿ ಸ್ಫೋಟಕ ಸಂಗ್ರಹವಾಗಿ, ಮೂರನೆಯದರಲ್ಲಿ ಕೃತ್ಯ ನಡೆದಾಗ, ಪ್ರತಿಯೊಂದು ರಾಜ್ಯದ ಪೊಲೀಸರಿಗೂ ಪ್ರಕರಣದ ಒಂದು ಭಾಗ ಮಾತ್ರ ದೊರೆಯುತ್ತಿತ್ತು. ಕೇಂದ್ರ ತನಿಖಾ ದಳವು (ಸಿ.ಬಿ.ಐ.) 1946ರ ದೆಹಲಿ ವಿಶೇಷ ಪೊಲೀಸ್ ಸಿಬ್ಬಂದಿ ಅಧಿನಿಯಮದ ಅನ್ವಯ ಕಾರ್ಯನಿರ್ವಹಿಸುವುದರಿಂದ, ರಾಜ್ಯದೊಳಗೆ ತನಿಖೆ ನಡೆಸಲು ಅದಕ್ಕೆ ಸಾಮಾನ್ಯವಾಗಿ ಆ ರಾಜ್ಯ ಸರ್ಕಾರದ ಸಮ್ಮತಿ ಅಗತ್ಯ.

ಶ್ರೀ ಎಂ. ವೀರಪ್ಪ ಮೊಯಿಲಿ ಅವರ ಅಧ್ಯಕ್ಷತೆಯ ಎರಡನೆಯ ಆಡಳಿತ ಸುಧಾರಣಾ ಆಯೋಗವು 2008ರಲ್ಲಿ ಸಲ್ಲಿಸಿದ ಭಯೋತ್ಪಾದನೆ ಕುರಿತ ವರದಿಯಲ್ಲಿ, ಇಂತಹ ಅಪರಾಧಗಳ ತನಿಖೆಗೆ ಸಿ.ಬಿ.ಐ.ನಲ್ಲಿ ಪ್ರತ್ಯೇಕ ವಿಭಾಗವಿರಬೇಕೆಂದು ಶಿಫಾರಸು ಮಾಡಿತ್ತು. ಅದೇ ವರ್ಷ ನವೆಂಬರ್ 26ರ ರಾತ್ರಿ ಸಮುದ್ರ ಮಾರ್ಗವಾಗಿ ಬಂದ ಹತ್ತು ಮಂದಿ ಭಯೋತ್ಪಾದಕರು ಮುಂಬಯಿಯ ರೈಲು ನಿಲ್ದಾಣ, ಹೋಟೆಲುಗಳು ಹಾಗೂ ಯಹೂದಿ ಕೇಂದ್ರದ ಮೇಲೆ ದಾಳಿ ನಡೆಸಿದರು. ನವೆಂಬರ್ 29ರವರೆಗೆ ಮುಂದುವರಿದ ಈ ದಾಳಿಯಲ್ಲಿ 166 ಮಂದಿ ಪ್ರಾಣ ಕಳೆದುಕೊಂಡರು. ಈ ಘಟನೆಯ ನಂತರ ಪ್ರತ್ಯೇಕ ಸಂಸ್ಥೆಯನ್ನೇ ಸ್ಥಾಪಿಸಲು ತೀರ್ಮಾನಿಸಲಾಯಿತು. ಅಂದಿನ ಗೃಹ ಸಚಿವ ಶ್ರೀ ಪಿ. ಚಿದಂಬರಂ ಅವರು ಡಿಸೆಂಬರ್‌ನಲ್ಲಿ ಮಂಡಿಸಿದ ವಿಧೇಯಕವು ಕೆಲವೇ ದಿನಗಳಲ್ಲಿ ಉಭಯ ಸದನಗಳ ಅಂಗೀಕಾರ ಪಡೆದು, 2008ರ ಡಿಸೆಂಬರ್ 31ರಂದು ರಾಷ್ಟ್ರೀಯ ತನಿಖಾ ಸಂಸ್ಥೆ ಅಧಿನಿಯಮವಾಯಿತು. ಶ್ರೀ ರಾಧಾ ವಿನೋದ್ ರಾಜು ಅವರು 2009ರ ಜನವರಿಯಲ್ಲಿ ಮೊದಲ ಮಹಾನಿರ್ದೇಶಕರಾಗಿ ಅಧಿಕಾರ ವಹಿಸಿಕೊಂಡರು.

2. ಅನುಸೂಚಿತ ಅಪರಾಧಗಳು

ಸಂಸ್ಥೆಯು ಎಲ್ಲ ಅಪರಾಧಗಳನ್ನೂ ತನಿಖೆ ಮಾಡುವುದಿಲ್ಲ. ಅಧಿನಿಯಮದ ಅನುಸೂಚಿಯಲ್ಲಿರುವ ಕಾನೂನುಗಳ ಮೇರೆಗೆ ದಂಡನೀಯವಾದ ಅಪರಾಧಗಳಿಗೆ ಮಾತ್ರ ಅದರ ಅಧಿಕಾರ ಸೀಮಿತವಾಗಿದೆ. ಅವುಗಳಲ್ಲಿ ಮುಖ್ಯವಾದವು:

(ಅ) ಕಾನೂನುಬಾಹಿರ ಚಟುವಟಿಕೆಗಳ (ತಡೆ) ಅಧಿನಿಯಮ, 1967ರ ಅಪರಾಧಗಳು;
(ಆ) ಪರಮಾಣು ಶಕ್ತಿ ಅಧಿನಿಯಮ, 1962ರ ಅಪರಾಧಗಳು;
(ಇ) ವಿಮಾನ ಅಪಹರಣ ಹಾಗೂ ವಿಮಾನಯಾನ ಮತ್ತು ನೌಕಾಯಾನದ ಸುರಕ್ಷತೆಗೆ ವಿರುದ್ಧವಾದ ಕೃತ್ಯಗಳು;
(ಈ) ರಾಷ್ಟ್ರದ ವಿರುದ್ಧ ಯುದ್ಧ ಹೂಡುವುದೂ ಸೇರಿದಂತೆ ರಾಷ್ಟ್ರವಿರೋಧಿ ಅಪರಾಧಗಳು ಮತ್ತು ಖೋಟಾ ನೋಟಿನ ಅಪರಾಧಗಳು.

2019ರ ಆಗಸ್ಟ್ 2ರಿಂದ ಜಾರಿಗೆ ಬಂದ ತಿದ್ದುಪಡಿಯ ಮೂಲಕ ಮಾನವ ಕಳ್ಳಸಾಗಣೆ, ನಿಷೇಧಿತ ಶಸ್ತ್ರಾಸ್ತ್ರಗಳ ತಯಾರಿಕೆ ಮತ್ತು ಮಾರಾಟ, ಸೈಬರ್ ಭಯೋತ್ಪಾದನೆ ಹಾಗೂ ಸ್ಫೋಟಕ ವಸ್ತುಗಳ ಅಧಿನಿಯಮ, 1908ರ ಅಪರಾಧಗಳನ್ನು ಸೇರಿಸಲಾಯಿತು. ಭಾರತೀಯ ನಾಗರಿಕರ ವಿರುದ್ಧ ಅಥವಾ ಭಾರತದ ಹಿತಾಸಕ್ತಿಗೆ ಧಕ್ಕೆಯಾಗುವಂತೆ ವಿದೇಶದಲ್ಲಿ ನಡೆದ ಅನುಸೂಚಿತ ಅಪರಾಧಗಳೂ ಅದೇ ತಿದ್ದುಪಡಿಯಿಂದ ಸಂಸ್ಥೆಯ ವ್ಯಾಪ್ತಿಗೆ ಬಂದವು.

3. ಪ್ರಕರಣವು ಸಂಸ್ಥೆಗೆ ವರ್ಗಾವಣೆಯಾಗುವ ವಿಧಾನ

ಅಧಿನಿಯಮದ 6ನೆಯ ಕಲಮಿನಲ್ಲಿ ಈ ವಿಧಾನವನ್ನು ನಿರೂಪಿಸಲಾಗಿದೆ.

(ಅ) ಪೊಲೀಸ್ ಠಾಣೆಯಲ್ಲಿ ಅನುಸೂಚಿತ ಅಪರಾಧದ ಮಾಹಿತಿ ದಾಖಲಾದ ಕೂಡಲೇ ಠಾಣಾಧಿಕಾರಿಯು ರಾಜ್ಯ ಸರ್ಕಾರಕ್ಕೆ ವರದಿ ಸಲ್ಲಿಸತಕ್ಕದ್ದು.
(ಆ) ರಾಜ್ಯ ಸರ್ಕಾರವು ಸದರಿ ವರದಿಯನ್ನು ಸಾಧ್ಯವಾದಷ್ಟು ಶೀಘ್ರವಾಗಿ ಕೇಂದ್ರ ಸರ್ಕಾರಕ್ಕೆ ಕಳುಹಿಸತಕ್ಕದ್ದು.
(ಇ) ಪ್ರಕರಣವು ಸಂಸ್ಥೆಯ ತನಿಖೆಗೆ ಯೋಗ್ಯವೇ ಎಂಬುದನ್ನು ಅಪರಾಧದ ಗಂಭೀರತೆ ಮತ್ತಿತರ ಅಂಶಗಳ ಆಧಾರದ ಮೇಲೆ ಕೇಂದ್ರ ಸರ್ಕಾರವು 15 ದಿನಗಳೊಳಗೆ ನಿರ್ಧರಿಸತಕ್ಕದ್ದು.
(ಈ) ಇಂತಹ ವರದಿ ಬಾರದಿದ್ದರೂ ಕೇಂದ್ರ ಸರ್ಕಾರವು ಸ್ವಯಂಪ್ರೇರಿತವಾಗಿ ತನಿಖೆಗೆ ನಿರ್ದೇಶಿಸಬಹುದು. ಇದಕ್ಕೆ ರಾಜ್ಯದ ಸಮ್ಮತಿ ಅಗತ್ಯವಿಲ್ಲ.
(ಉ) ಸಂಸ್ಥೆಯು ತನಿಖೆಯನ್ನು ಕೈಗೆತ್ತಿಕೊಳ್ಳುವವರೆಗೆ ಠಾಣಾಧಿಕಾರಿಯು ತನಿಖೆಯನ್ನು ಮುಂದುವರಿಸತಕ್ಕದ್ದು.

ಕೊನೆಯ ಅಂಶವು ಗಮನಾರ್ಹವಾದುದು. ಸರ್ಕಾರಗಳ ನಡುವೆ ಪತ್ರವ್ಯವಹಾರ ನಡೆಯುತ್ತಿರುವ ಕಾರಣಕ್ಕೆ ಸ್ಥಳ ಮಹಜರು, ಗಾಯಾಳುಗಳ ಹೇಳಿಕೆ ಅಥವಾ ಸಾಕ್ಷ್ಯ ಸಂಗ್ರಹಣೆ ನಿಲ್ಲಬಾರದೆಂಬುದು ಇದರ ಉದ್ದೇಶ. ಪ್ರಕರಣವು ಸಂಸ್ಥೆಗೆ ವರ್ಗವಾದ ಮೇಲೆ ರಾಜ್ಯ ಪೊಲೀಸರು ಸಂಬಂಧಪಟ್ಟ ದಾಖಲೆಗಳನ್ನು ಹಸ್ತಾಂತರಿಸಬೇಕಾಗುತ್ತದೆ. ತದನಂತರವೂ 7ನೆಯ ಕಲಮಿನ ಮೇರೆಗೆ ರಾಜ್ಯದ ಸಹಭಾಗಿತ್ವವನ್ನು ಕೋರಲು ಅಥವಾ ಪ್ರಕರಣವನ್ನು ರಾಜ್ಯಕ್ಕೆ ಹಿಂದಿರುಗಿಸಲು ಅವಕಾಶವಿದೆ.

ಉದಾಹರಣೆಗೆ, 2024ರ ಮಾರ್ಚ್ 1ರಂದು ಬೆಂಗಳೂರಿನ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಸಂಭವಿಸಿದ ಸ್ಫೋಟದ ಪ್ರಕರಣವನ್ನು ಮೊದಲು ನಗರ ಪೊಲೀಸರು ದಾಖಲಿಸಿದರು. ಮಾರ್ಚ್ 3ರಂದು ಎನ್.ಐ.ಎ. ತನಿಖೆಯನ್ನು ವಹಿಸಿಕೊಂಡಿತು. ಏಪ್ರಿಲ್ 12ರಂದು ಇಬ್ಬರು ಆರೋಪಿಗಳನ್ನು ಪಶ್ಚಿಮ ಬಂಗಾಳದಲ್ಲಿ ಬಂಧಿಸಲಾಯಿತು. ಸೆಪ್ಟೆಂಬರ್ 9ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯಕ್ಕೆ ದೋಷಾರೋಪಣ ಪಟ್ಟಿ ಸಲ್ಲಿಕೆಯಾಯಿತು.

4. ವಿಶೇಷ ನ್ಯಾಯಾಲಯಗಳು ಮತ್ತು ಕಾನೂನಿನ ರಕ್ಷಣೆ

ಅನುಸೂಚಿತ ಅಪರಾಧಗಳ ವಿಚಾರಣೆಯು ವಿಶೇಷ ನ್ಯಾಯಾಲಯಗಳಲ್ಲಿ ನಡೆಯುತ್ತದೆ. 2019ರ ತಿದ್ದುಪಡಿಯ ಅನ್ವಯ ಸೆಷನ್ಸ್ ನ್ಯಾಯಾಲಯಗಳನ್ನು ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳೊಡನೆ ಸಮಾಲೋಚಿಸಿ ವಿಶೇಷ ನ್ಯಾಯಾಲಯಗಳೆಂದು ನಿಯೋಜಿಸಬಹುದು. ಕೆಲಸದ ದಿನಗಳಲ್ಲಿ ವಿಚಾರಣೆಯನ್ನು ದಿನಂಪ್ರತಿ ನಡೆಸಬೇಕೆಂಬುದು ಅಧಿನಿಯಮದ ಆಶಯ. ಸಾಕ್ಷಿಯ ಪ್ರಾಣಕ್ಕೆ ಅಪಾಯವಿದ್ದಲ್ಲಿ ಆತನ ಹೆಸರು ಮತ್ತು ವಿಳಾಸವನ್ನು ಗೋಪ್ಯವಾಗಿಡಲು 17ನೆಯ ಕಲಂ ನ್ಯಾಯಾಲಯಕ್ಕೆ ಅಧಿಕಾರ ನೀಡಿದೆ. ಜಾಮೀನು ಮಂಜೂರಾತಿ ಅಥವಾ ನಿರಾಕರಣೆಯ ಆದೇಶದ ವಿರುದ್ಧವೂ ಉಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಈ ಪ್ರಕರಣಗಳಲ್ಲಿ ಆರೋಪಿಗಳು ಎದುರಿಸುವ ನಿಯಮಗಳು ಸಾಮಾನ್ಯ ಪ್ರಕರಣಗಳಿಗಿಂತ ಕಠಿಣವಾಗಿವೆ. 1967ರ ಅಧಿನಿಯಮದ 43ಡಿ ಕಲಮಿನ ಮೇರೆಗೆ ನ್ಯಾಯಾಲಯವು ತನಿಖೆಯ ಅವಧಿಯನ್ನು 180 ದಿನಗಳವರೆಗೆ ವಿಸ್ತರಿಸಬಹುದು. ಆರೋಪವು ಮೇಲ್ನೋಟಕ್ಕೆ ಸತ್ಯವೆಂದು ಕಂಡುಬಂದಲ್ಲಿ ಭಯೋತ್ಪಾದನೆಯ ಪ್ರಕರಣಗಳಲ್ಲಿ ಜಾಮೀನು ದೊರೆಯುವುದಿಲ್ಲ. ಆದರೆ ವಿಚಾರಣೆಯು ಅತಿಯಾಗಿ ವಿಳಂಬವಾದಾಗ ಸಾಂವಿಧಾನಿಕ ನ್ಯಾಯಾಲಯಗಳು ಜಾಮೀನು ನೀಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2021ರ ನಜೀಬ್ ಪ್ರಕರಣದಲ್ಲಿ ತೀರ್ಪು ನೀಡಿದೆ. ಬಂಧನದ ಕಾರಣವನ್ನು ತಿಳಿಯುವ, ವಕೀಲರ ನೆರವು ಪಡೆಯುವ ಹಾಗೂ 24 ಗಂಟೆಗಳೊಳಗೆ ದಂಡಾಧಿಕಾರಿಯ ಮುಂದೆ ಹಾಜರುಪಡಿಸಲ್ಪಡುವ ಸಂವಿಧಾನದ 22ನೆಯ ಅನುಚ್ಛೇದದ ಹಕ್ಕುಗಳು ಈ ಪ್ರಕರಣಗಳಿಗೂ ಅನ್ವಯಿಸುತ್ತವೆ.

5. ಸಾರ್ವಜನಿಕರ ಗಮನಕ್ಕೆ

(ಅ) ದೂರು: ಅನುಸೂಚಿತ ಅಪರಾಧವೇ ಆಗಿದ್ದರೂ ದೂರನ್ನು ಸಮೀಪದ ಪೊಲೀಸ್ ಠಾಣೆಯಲ್ಲಿ ನೀಡಬಹುದು. ಘಟನೆಯು ಬೇರೆ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದೆ ಎಂಬ ಕಾರಣಕ್ಕೆ ದೂರನ್ನು ನಿರಾಕರಿಸುವಂತಿಲ್ಲ. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡುವುದು.

(ಆ) ಪ್ರಮಾಣಪತ್ರಗಳು: ಪಾಸ್‌ಪೋರ್ಟ್ ಅರ್ಜಿದಾರರ ಪೊಲೀಸ್ ಪರಿಶೀಲನೆ, ನಡತೆ ಪ್ರಮಾಣಪತ್ರ ಮುಂತಾದ ಸೇವೆಗಳನ್ನು ಎನ್.ಐ.ಎ. ನೀಡುವುದಿಲ್ಲ. ಇವುಗಳಿಗೆ ರಾಜ್ಯ ಪೊಲೀಸ್ ಇಲಾಖೆಯನ್ನು ಸಂಪರ್ಕಿಸುವುದು.

(ಇ) ಸಾಕ್ಷಿಗಳಿಗೆ ನೋಟೀಸು: ಮಹಿಳೆಯರು, 15 ವರ್ಷದೊಳಗಿನವರು, 60 ವರ್ಷ ಮೀರಿದವರು, ಅಂಗವಿಕಲರು ಹಾಗೂ ತೀವ್ರ ಅನಾರೋಗ್ಯಪೀಡಿತರನ್ನು ಸಾಕ್ಷಿಯಾಗಿ ವಿಚಾರಿಸಲು ಅವರ ವಾಸಸ್ಥಳವಲ್ಲದೆ ಬೇರೆಡೆಗೆ ಬರುವಂತೆ ಒತ್ತಾಯಿಸುವಂತಿಲ್ಲ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023, ಕಲಂ 179).

(ಈ) ಪರಿಹಾರ: ಭಯೋತ್ಪಾದಕ ಕೃತ್ಯದಲ್ಲಿ ಮೃತರಾದ ನಾಗರಿಕರ ಕುಟುಂಬಕ್ಕೆ ಕೇಂದ್ರದ ನೆರವು ಯೋಜನೆಯಿದ್ದು, ಅದರ ಮೊತ್ತವನ್ನು 2016ರಲ್ಲಿ ರೂ. 3 ಲಕ್ಷದಿಂದ ರೂ. 5 ಲಕ್ಷಕ್ಕೆ ಹೆಚ್ಚಿಸಲಾಯಿತು. ಇದಕ್ಕಾಗಿ ತನಿಖಾ ಸಂಸ್ಥೆಯನ್ನಲ್ಲ, ಜಿಲ್ಲಾಧಿಕಾರಿಗಳ ಕಛೇರಿಯನ್ನು ಸಂಪರ್ಕಿಸುವುದು.

(ಉ) ಮಾಹಿತಿ ಹಕ್ಕು: ಮಾಹಿತಿ ಹಕ್ಕು ಅಧಿನಿಯಮ, 2005ರ ಎರಡನೆಯ ಅನುಸೂಚಿಗೆ ಎನ್.ಐ.ಎ.ಯನ್ನು 2011ರಲ್ಲಿ ಸೇರಿಸಲಾಗಿದೆ. ಆದುದರಿಂದ ಭ್ರಷ್ಟಾಚಾರ ಹಾಗೂ ಮಾನವ ಹಕ್ಕುಗಳ ಉಲ್ಲಂಘನೆಯ ಆರೋಪಗಳಿಗೆ ಸಂಬಂಧಿಸಿದ ಮಾಹಿತಿಯನ್ನು ಮಾತ್ರ ಕೋರಬಹುದು.

(ಊ) ಎಚ್ಚರಿಕೆ: ಎನ್.ಐ.ಎ. ಅಧಿಕಾರಿಯೆಂದು ಹೇಳಿಕೊಂಡು ದೂರವಾಣಿ ಅಥವಾ ವೀಡಿಯೊ ಕರೆಯ ಮೂಲಕ ಬೆದರಿಸಿ, ಹಣ ವರ್ಗಾಯಿಸುವಂತೆ ಒತ್ತಾಯಿಸುವುದು ವಂಚನೆಯಾಗಿದೆ. ‘ಡಿಜಿಟಲ್ ಅರೆಸ್ಟ್’ ಎಂಬ ಕ್ರಮವು ಕಾನೂನಿನಲ್ಲಿ ಇಲ್ಲ. ಪ್ರಕರಣದಿಂದ ಹೆಸರು ಕೈಬಿಡಲು ಯಾವ ತನಿಖಾ ಸಂಸ್ಥೆಯೂ ಹಣ ಕೇಳುವುದಿಲ್ಲ. ಇಂತಹ ಕರೆ ಬಂದಲ್ಲಿ ಸಂಪರ್ಕವನ್ನು ಕಡಿದು, ಮನೆಯವರಿಗೆ ತಿಳಿಸಿ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡತಕ್ಕದ್ದು. ಹಣ ಕಳೆದುಕೊಂಡಿದ್ದಲ್ಲಿ ತಡಮಾಡದೆ ದೂರು ನೀಡಿದರೆ ಆ ಮೊತ್ತವನ್ನು ಬ್ಯಾಂಕಿನಲ್ಲಿ ತಡೆಹಿಡಿಯಲು ಹೆಚ್ಚಿನ ಅವಕಾಶವಿರುತ್ತದೆ.