‘ಡಿಯರ್’ ಎಂಬ ಮಾತಿನ ಬೆಲೆ



ಇಂಗ್ಲಿಷಿನಲ್ಲಿ ‘ಡಿಯರ್’ ಎಂಬುದರಷ್ಟು ಬಳಕೆಯಿಂದ ಸವೆದ ಪ್ರೀತಿಯ ಮಾತು ಮತ್ತೊಂದಿರಲಾರದು. ತಾಯಿ ಮಗುವನ್ನು ಹೀಗೆ ಕರೆಯುತ್ತಾಳೆ; ಬಾಕಿ ತೀರಿಸದಿದ್ದರೆ ದಾವೆ ಹೂಡುವೆನೆಂದು ಬೆದರಿಸುವ ವಕೀಲನ ಕಾಗದವೂ ಹೀಗೆಯೇ ಮೊದಲಾಗುತ್ತದೆ. ಕೈಜಾರಿ ಪಾತ್ರೆ ಬಿದ್ದಾಗ ಬಾಯಿಂದ ಹೊರಡುವ ಉದ್ಗಾರವೂ ಇದೇ. ಪೇಟೆಯಲ್ಲಿ ಬೆಣ್ಣೆ ತುಟ್ಟಿಯಾಯಿತೆನ್ನುವುದಕ್ಕೂ ಇದೇ ಮಾತು. ಅಕ್ಕರೆ, ಉಪಚಾರ, ಗಾಬರಿ, ಬೆಲೆ ಈ ನಾಲ್ಕೂ ಒಂದೇ ಶಬ್ದದಲ್ಲಿ ಹೇಗೆ ನೆಲಸಿದುವೆಂಬುದನ್ನು ಸ್ವಲ್ಪ ವಿಚಾರಮಾಡೋಣ.

ಸಾವಿರ ವರ್ಷಗಳಿಗೂ ಹಿಂದಿನ ಹಳೆಯ ಇಂಗ್ಲಿಷಿನಲ್ಲಿಯೇ ಈ ಶಬ್ದಕ್ಕೆ ‘ಬೆಲೆಯುಳ್ಳದ್ದು’, ‘ಪ್ರೀತಿಪಾತ್ರವಾದದ್ದು’ ಎಂಬ ಎರಡರ್ಥಗಳೂ ಇದ್ದುವು. ಇದರ ದಾಯಾದಿಯಾದ ಜರ್ಮನ್ ಭಾಷೆಯ ‘ಟೊಯರ್’ ಎಂಬುದಕ್ಕೂ, ಬೇರೊಂದು ಮೂಲದಿಂದ ಬಂದ ಫ್ರೆಂಚ್ ಭಾಷೆಯ ‘ಶೆರ್’ ಎಂಬುದಕ್ಕೂ ಈ ಎರಡರ್ಥಗಳುಂಟು. ನಮ್ಮ ದೇಶದಲ್ಲಿಯೂ ಹಾಗೆಯೇ. ಸಂಸ್ಕೃತದ ‘ಪ್ರಿಯ’ ಶಬ್ದಕ್ಕೆ ‘ಹೆಚ್ಚು ಬೆಲೆಯ’ ಎಂಬ ಅರ್ಥವನ್ನೂ ನಿಘಂಟುಗಳು ಕೊಡುತ್ತವೆ. ನೆರೆಯ ತೆಲುಗಿನವರು ತುಟ್ಟಿಯಾದ ಸರಕನ್ನು ‘ಪ್ರಿಯಮು’ ಎನ್ನುತ್ತಾರೆ. ಸುಲಭವಾಗಿ ದೊರೆಯದ ವಸ್ತುವಿಗೂ, ಬಿಟ್ಟಿರಲಾರದ ಮನುಷ್ಯನಿಗೂ ಜನರು ಅಲ್ಲಲ್ಲಿ ಒಂದೇ ಹೆಸರನ್ನಿಟ್ಟರು.

‘ಡಿಯರ್’ ಶಬ್ದದಿಂದ ಹುಟ್ಟಿದ ಮಕ್ಕಳಿಬ್ಬರು ಈ ಎರಡರ್ಥಗಳನ್ನೂ ಪಾಲುಮಾಡಿಕೊಂಡಿದ್ದಾರೆ. ‘ಡರ್ತ್’ ಎಂದರೆ ಮೊದಲು ತುಟ್ಟಿ, ಆಮೇಲೆ ಅಭಾವ, ಕ್ಷಾಮ. ‘ಡಾರ್ಲಿಂಗ್’ ಎಂದರೆ ಮುದ್ದಿನವನು, ಮುದ್ದಿನವಳು. ಈಗ ಇದು ಪ್ರಣಯಿಗಳ ಮಾತಾಗಿ ತೋರಿದರೂ, 1611ರ ಇಂಗ್ಲಿಷ್ ಬೈಬಲಿನ 22ನೆಯ ಮತ್ತು 35ನೆಯ ಕೀರ್ತನೆಗಳಲ್ಲಿ ಭಕ್ತನು ತನ್ನ ಪ್ರಾಣವನ್ನೇ ಹೀಗೆ ಕರೆದು, ಅದನ್ನು ಕಾಪಾಡೆಂದು ಮೊರೆಯಿಡುತ್ತಾನೆ. ಅಲ್ಲಿಯ ಮೂಲ ಹೀಬ್ರೂ ಶಬ್ದಕ್ಕೆ ‘ನನಗಿರುವ ಒಂದೇ ಒಂದು’ ಎಂದರ್ಥ.

ಪ್ರೀತಿಗೂ ಬೆಲೆಗೂ ಇರುವ ಈ ನಂಟು ನಿಘಂಟಿನೊಳಗೇ ನಿಲ್ಲಲಿಲ್ಲ. 1477ರ ಫೆಬ್ರವರಿಯಲ್ಲಿ ನಾರ್ಫಕ್ ಪ್ರಾಂತದ ಮಾರ್ಜರಿ ಬ್ರೂಸ್ ಎಂಬ ತರುಣಿಯು ಜಾನ್ ಪಾಸ್ಟನ್ ಎಂಬಾತನಿಗೆ ಒಂದು ಓಲೆಯನ್ನು ಬರೆಯಿಸಿದಳು. ಮದುವೆಯ ಮಾತುಕತೆ ವರದಕ್ಷಿಣೆಯ ಮೊತ್ತದಲ್ಲಿ ಸಿಕ್ಕಿಕೊಂಡಿತ್ತು. ಮಾರ್ಜರಿಯು ಅವನನ್ನು ಪೂಜ್ಯನೆಂದೂ ಪ್ರೀತಿಪಾತ್ರನೆಂದೂ ಸಂಬೋಧಿಸಿ, ತನಗೆ ದೇಹದಲ್ಲಿಯೂ ಮನಸ್ಸಿನಲ್ಲಿಯೂ ಸೌಖ್ಯವಿಲ್ಲವೆಂದು ತಿಳಿಸುತ್ತಾಳೆ. ತಾಯಿಯು ಎಷ್ಟು ಹೇಳಿದರೂ ತಂದೆ ಹಣವನ್ನು ಹೆಚ್ಚಿಸಲೊಪ್ಪನು. ನಿನಗೆ ನನ್ನಲ್ಲಿ ಪ್ರೀತಿಯಿದ್ದರೆ ಅದಕ್ಕಾಗಿ ನನ್ನನ್ನು ಕೈಬಿಡಲಾರೆ—ಇದು ಆ ಓಲೆಯ ಸಾರಾಂಶ. ಆ ಸಂಬೋಧನೆಯಲ್ಲಿ ಉಪಚಾರವಿದೆ. ಆದರೆ ಆ ಉಪಚಾರದ ಹಿಂದೆ ಒಬ್ಬ ಹೆಣ್ಣುಮಗಳ ಬಾಳೇ ಪಣವಾಗಿ ನಿಂತಿದೆ. ಅದೇ ವರ್ಷ ಅವರ ಮದುವೆ ನಡೆಯಿತು. ಪಾಸ್ಟನ್ ಮನೆತನದ ಪತ್ರಗಳು 1787ರಿಂದ ಅಚ್ಚಾಗಿ ಬಂದಮೇಲೆ, ವರದಕ್ಷಿಣೆಯ ಕಾಟ ನಮ್ಮ ದೇಶಕ್ಕೇ ಮೀಸಲೆಂದುಕೊಂಡಿದ್ದವರಿಗೆ ಓದತಕ್ಕ ಗ್ರಂಥವಾದುವು.

ಕವಿಗಳು ಈ ಇಬ್ಬಗೆಯನ್ನು ಬಲ್ಲರು. 1609ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ಸಾನೆಟ್ಟುಗಳಲ್ಲಿ 87ನೆಯದು ಬೀಳ್ಕೊಡುಗೆಯ ಪದ್ಯ. ಅಲ್ಲಿ ಕವಿಯು ‘ಡಿಯರ್’ ಶಬ್ದದ ಎರಡರ್ಥಗಳನ್ನೂ ಹಿಡಿದು, ಕರಾರು, ಸನ್ನದು, ಹಕ್ಕು ಎಂಬ ನ್ಯಾಯಸ್ಥಾನದ ಮಾತುಗಳಿಂದಲೇ ತನ್ನ ಅಗಲಿಕೆಯ ದುಃಖವನ್ನು ಹೇಳುತ್ತಾನೆ. ‘ಹ್ಯಾಮ್ಲೆಟ್’ ನಾಟಕದಲ್ಲಿಯಾದರೋ ನಾಯಕನು ಕಡುಹಗೆಗೂ ಇದೇ ವಿಶೇಷಣವನ್ನು ಹಚ್ಚುತ್ತಾನೆ. ಮನಸ್ಸನ್ನು ಆಳವಾಗಿ ತಟ್ಟುವುದೆಲ್ಲವೂ, ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಆ ಕಾಲದಲ್ಲಿ ‘ಡಿಯರ್’ ಆಗಬಹುದಾಗಿತ್ತು.

ನಾಣ್ಯವು ಕೈಯಿಂದ ಕೈಗೆ ಹೋದಂತೆ ಅದರ ಮುದ್ರೆ ಅಳಿಯುತ್ತದೆ. ಪತ್ರದ ಪೀಠಿಕೆಯಾದಮೇಲೆ ಈ ಮಾತಿಗೂ ಅದೇ ಗತಿಯಾಯಿತು. ಇಂಗ್ಲಿಷ್ ಕಾಗದಗಳನ್ನು ನೋಡಿ ನಾವೂ ‘ಪ್ರಿಯ ಮಹಾಶಯರೇ’ ಎಂದು ಬರೆಯತೊಡಗಿದೆವು. ನಮ್ಮ ಹಿಂದಿನ ಪದ್ಧತಿಯಲ್ಲಿ ತಂದೆಗೆ ‘ತೀರ್ಥರೂಪ’, ಕಿರಿಯರಿಗೆ ‘ಚಿರಂಜೀವಿ’, ಮಾನ್ಯರಿಗೆ ‘ರಾಜಮಾನ್ಯ ರಾಜಶ್ರೀ’—ಸಂಬಂಧಕ್ಕೊಂದು ಮಾತು. ಇಂಗ್ಲಿಷಿನ ಒಂದೇ ಮಾತು ಇವೆಲ್ಲದರ ಕೆಲಸವನ್ನೂ ಮಾಡುತ್ತದೆ. ಆದುದರಿಂದ ಕನ್ನಡಿಸುವವನು ‘ಡಿಯರ್’ ಕಂಡಲ್ಲೆಲ್ಲ ‘ಪ್ರಿಯ’ ಎಂದಿಟ್ಟರೆ ಸಾಲದು. ಯಾರು ಯಾರಿಗೆ ಹೇಳುತ್ತಿರುವರೆಂಬುದನ್ನು ಮೊದಲು ನೋಡಬೇಕು. ಮಗುವಿಗೆ ‘ಕಂದ’ ಎನ್ನುವಲ್ಲಿ, ಒಲಿದವನಿಗೆ ‘ನಲ್ಲ’ ಎನ್ನುವಲ್ಲಿ, ‘ಪ್ರಿಯ’ವು ಬರಿಯ ಅಂಚೆಯ ಮುದ್ರೆಯಂತೆ ಕಾಣುತ್ತದೆ.

ಈ ಶಬ್ದದ ಹಳೆಯ ಅರ್ಥವಾದರೂ ನಮ್ಮ ದೇಶದಲ್ಲಿ ಇನ್ನೂ ಜೀವಂತವಾಗಿದೆ. ಸರ್ಕಾರಿ ನೌಕರರು ಸಂಬಳದೊಡನೆ ಪಡೆಯುವ ತುಟ್ಟಿಭತ್ಯದ ಇಂಗ್ಲಿಷ್ ಹೆಸರಿನಲ್ಲಿ ಇರುವುದು ಇದೇ ‘ಡಿಯರ್’. ಅಕ್ಕಿಬೇಳೆಗಳ ಬೆಲೆ ಏರಿದರೆ ಅದಕ್ಕೆ ಭತ್ಯವುಂಟು. ಪ್ರೀತಿಯ ಮಾತಿನ ಬೆಲೆ ಇಳಿದರೆ ಅದನ್ನು ತುಂಬಿಕೊಡುವ ಭತ್ಯವಿಲ್ಲ. ಮಾರ್ಜರಿಯಂತೆ, ಆ ಮಾತು ನಿಜವಾಗದಿದ್ದರೆ ತನಗೆ ನಷ್ಟವುಂಟೆಂದು ತಿಳಿದು ನುಡಿಯುವವರೇ ಅದಕ್ಕೆ ಬೆಲೆಯನ್ನು ತಂದುಕೊಡಬೇಕು.