ಡ್ರೈವರ್ ಸಿಗದ ಕ್ಯಾಮೆರಾ ಮತ್ತು ಫ್ರಾನ್ಸಿನ ಡಾಕ್ಟರು

ಘೋಡಗೇರಿಯಲ್ಲಿ ನನ್ನ ಗೆಳೆಯನೊಬ್ಬ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿ ಇಟ್ಟಿದ್ದಾನೆ. ಹೋದ ವರ್ಷ ಹೊಸ ಕಂಪ್ಯೂಟರ್ ತಂದ. ಫೋಟೊ ತೆಗೆಯುವ ಹಳೇ ವೆಬ್‌ಕ್ಯಾಮ್ ಅದರಲ್ಲಿ ನಡೆಯಲೇ ಇಲ್ಲ.

“ಕ್ಯಾಮೆರಾ ಚೊಲೋನ ಐತಿ, ಡ್ರೈವರ್ ಸಿಗವಲ್ದು” ಅಂದ.

ಪಹಣಿಗೆ ಬಂದಿದ್ದ ಅಜ್ಜನೊಬ್ಬ, “ಕ್ಯಾಮೆರಾಕ್ಕ ಡ್ರೈವರ್ ಯಾಕೋ? ಅದೇನ ಟ್ರ್ಯಾಕ್ಟರ್ ಏನ?” ಎಂದು ಕೇಳಿದ. ಎಲ್ಲರೂ ನಕ್ಕೆವು.

ಎರಡು ದಿನ ಬಿಟ್ಟು ಡಿಪ್ಲೊಮಾ ಓದುವ ಹುಡುಗನೊಬ್ಬ ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ತಂದು ಹಾಕಿದ. ಅದೇ ಕ್ಯಾಮೆರಾದಲ್ಲಿ ಅಜ್ಜನ ಮುಖ ಮೂಡಿತು. ಕಂಪನಿಯೇ ಕೈಬಿಟ್ಟ ಕ್ಯಾಮೆರಾಕ್ಕೆ ಡ್ರೈವರ್ ಬರೆದವರು ಯಾರು? ಹುಡುಕುತ್ತ ಹೋದಾಗ ಸಿಕ್ಕ ಕಥೆ ಇದು.

ಅಜ್ಜನ ಪ್ರಶ್ನೆಯೇನೂ ತಪ್ಪಲ್ಲ. ಕ್ಯಾಮೆರಾ, ಕೀಬೋರ್ಡ್, ವೈಫೈ ಪ್ರತಿಯೊಂದರ ಭಾಷೆ ಬೇರೆ. ಕಂಪ್ಯೂಟರ್ ಹೇಳಿದ್ದನ್ನು ಆ ಸಾಮಾನಿಗೆ ತಿಳಿಯುವ ಹಾಗೆ ಹೇಳುವ ಪುಟ್ಟ ಪ್ರೋಗ್ರಾಮೇ ಡ್ರೈವರ್. ಇಂಥ ಡ್ರೈವರ್‌ಗಳು ಹೆಚ್ಚಾಗಿ ಇರುವುದು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನಲ್ಲಿ. ಲಿನಕ್ಸ್ ಕರ್ನಲ್ಲನ್ನು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದರು. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ನೀವು ಇದನ್ನು ಆಂಡ್ರಾಯ್ಡ್ ಫೋನಿನಲ್ಲಿ ಓದುತ್ತಿದ್ದರೆ ಅದರೊಳಗೂ ಅದೇ ಕರ್ನಲ್ ಇದೆ.

ಮಿಶೆಲ್ ಝಾರ್ ಫ್ರಾನ್ಸಿನ ವೈದ್ಯರು. ಬಿಡುವಿನ ವೇಳೆಯಲ್ಲಿ ಲಿನಕ್ಸ್‌ಗಾಗಿ ವೆಬ್‌ಕ್ಯಾಮ್ ಡ್ರೈವರ್ ಬರೆಯುತ್ತಿದ್ದರು. 2007ರ ಹೊತ್ತಿಗೆ ಅವರ ಡ್ರೈವರ್ 235 ಬಗೆಯ ಕ್ಯಾಮೆರಾಗಳನ್ನು ನಡೆಸುತ್ತಿತ್ತು. ಆದರೆ ಅದು ಕರ್ನಲ್‌ನ ಹೊರಗಿತ್ತು. ಕರ್ನಲ್ ಒಂಬತ್ತು ಹತ್ತು ವಾರಕ್ಕೊಮ್ಮೆ ಹೊಸದಾಗುತ್ತದೆ, ಪ್ರತಿ ಸಲ ಒಳಗಿನ ಜೋಡಣೆ ಅಷ್ಟಿಷ್ಟು ಬದಲಾಗುತ್ತದೆ. ಹೊರಗಿರುವ ಡ್ರೈವರನ್ನು ಯಾರಾದರೂ ಪದೇ ಪದೇ ತಿದ್ದದಿದ್ದರೆ ಅದು ಕೆಡುತ್ತದೆ. ಜಾನ್ ಫ್ರಾನ್ಸ್ವಾ ಮುವಾನ್ ಎಂಬ ಇನ್ನೊಬ್ಬರು ಅದನ್ನು ಹೊಸದಾಗಿ ಜೋಡಿಸಿ 2008ರಲ್ಲಿ ಕರ್ನಲ್‌ನೊಳಗೆ ಸೇರಿಸಿದರು. ಮುಂದೆ ನೆದರ್ಲೆಂಡ್ಸ್‌ನ ಹಾನ್ಸ್ ಡಿ ಖೂಡ ಉಸ್ತುವಾರಿ ವಹಿಸಿಕೊಂಡರು. ಕೈ ಬದಲಾದರೂ ಕೆಲಸ ನಿಲ್ಲಲಿಲ್ಲ.

ಕರ್ನಲ್‌ನಲ್ಲಿ ಉಸ್ತುವಾರಿಗಳ ಪಟ್ಟಿಯೇ ಇದೆ. ಯಾರಾದರೂ ತಿದ್ದುಪಡಿ ಕಳಿಸಿದರೆ ಆಯಾ ಉಸ್ತುವಾರಿ ಓದಿ, ತಪ್ಪು ಹಿಡಿದು, ಸರಿ ಎನಿಸಿದರೆ ಮೇಲೆ ಕಳಿಸಬೇಕು. ನೋಡುವವರಿಲ್ಲದ ಡ್ರೈವರ್ ಎದುರು ‘ಅನಾಥ’ ಎಂದು ಬರೆಯುತ್ತಾರೆ. 2019ರಲ್ಲಿ ಫ್ಲಾಪಿ ಡ್ರೈವರ್‌ಗೆ ಆ ಗತಿ ಬಂತು. ಕೆಲಸ ಮಾಡುವ ಫ್ಲಾಪಿ ಯಂತ್ರ ಸಿಗುವುದೇ ಕಷ್ಟವಾಗಿತ್ತು. ಆಮೇಲೆ ಅದಕ್ಕೂ ಒಬ್ಬರು ಮುಂದೆ ಬಂದರು.

ನಮ್ಮ ಕರ್ನಾಟಕದಲ್ಲೂ ಹೀಗೊಂದು ಕಥೆ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಕಂಪನಿಯ ಎಂಜಿನಿಯರುಗಳ ಜೊತೆ ಸೇರಿ ಹಳ್ಳಿಯವರಿಗಾಗಿ ‘ಸಿಂಪ್ಯೂಟರ್’ ಎಂಬ ಅಂಗೈ ಕಂಪ್ಯೂಟರ್ ರೂಪಿಸಿದರು. 2001ರಲ್ಲಿ ಮಾದರಿ ಬಂತು. ಓದಲು ಬಾರದವರಿಗೂ ಕನ್ನಡದಲ್ಲಿ ಮಾತಾಡಬೇಕು, ಒಂದೇ ಯಂತ್ರವನ್ನು ಊರವರು ತಂತಮ್ಮ ಸ್ಮಾರ್ಟ್ ಕಾರ್ಡ್ ಹಾಕಿ ಬಳಸಬೇಕು ಎಂಬುದು ಆಸೆ. ಒಳಗಿದ್ದದ್ದು ಲಿನಕ್ಸ್. ಅದರ ಆರ್ಮ್ ಚಿಪ್‌ಗೆ ಲಿನಕ್ಸನ್ನು ಹೊಂದಿಸುವ ಕೆಲಸವನ್ನು ಇಂಗ್ಲೆಂಡಿನ ರಸೆಲ್ ಕಿಂಗ್ 1994ರಲ್ಲೇ ಆರಂಭಿಸಿದ್ದರು. ಹಾಗಾಗಿ ಬೆಂಗಳೂರಿನವರು ಸೊನ್ನೆಯಿಂದ ಶುರು ಮಾಡಬೇಕಾಗಲಿಲ್ಲ.

2004ರಲ್ಲಿ ಬಿಇಎಲ್ ಜೊತೆ ‘ಅಮಿಡಾ’ ಹೆಸರಲ್ಲಿ ಅದು ಮಾರುಕಟ್ಟೆಗೂ ಬಂತು. ನಿರೀಕ್ಷೆಯಷ್ಟು ಮಾರಾಟವಾಗಲಿಲ್ಲ, ಸಿಂಪ್ಯೂಟರ್ ನಿಂತುಹೋಯಿತು. ಆದರೆ ಅದಕ್ಕಾಗಿ ರಮೇಶ್ ಹರಿಹರನ್ ಬರೆದ ‘ಧ್ವನಿ’ ಎಂಬ, ಅಕ್ಷರವನ್ನು ಓದಿ ಹೇಳುವ ತಂತ್ರಾಂಶ ಮುಕ್ತವಾಗಿತ್ತು. ಅದನ್ನು ಕೇರಳದ ಸಂತೋಷ್ ತೊಟ್ಟಿಂಗಲ್ ವಹಿಸಿಕೊಂಡು ಇನ್ನಷ್ಟು ಭಾರತೀಯ ಭಾಷೆಗಳಿಗೆ ಬೆಳೆಸಿದರು. ಯಂತ್ರ ಹೋದರೂ ಅದರ ದನಿ ಉಳಿಯಿತು.

ಫೋನುಗಳ ಹಣೆಬರಹ ಬೇರೆ. ಕರ್ನಲ್ ಮುಕ್ತವಾಗಿದ್ದರೂ ಎಷ್ಟೋ ಫೋನುಗಳ ಡ್ರೈವರ್‌ಗಳು ಮೂಲ ಕರ್ನಲ್‌ಗೆ ಸೇರುವುದೇ ಇಲ್ಲ, ತಯಾರಕರ ಕೈಯಲ್ಲೇ ಉಳಿಯುತ್ತವೆ. ಅವರು ತಿದ್ದುವುದು ಬಿಟ್ಟರೆ ಅಪ್‌ಡೇಟ್ ನಿಲ್ಲುತ್ತದೆ. ಗಟ್ಟಿಮುಟ್ಟಾದ ಫೋನು ಮೂರು ನಾಲ್ಕು ವರ್ಷಕ್ಕೇ ‘ಹಳೇದು’ ಆಗುವುದಕ್ಕೆ ಇದೂ ಒಂದು ಕಾರಣ.

ಇದನ್ನೆಲ್ಲ ಅಜ್ಜನಿಗೆ ಹೇಳಿದೆ. “ಹಂಗಾದ್ರ ಇದು ನಮ್ಮ ಕಾಲುವಿ ಹೂಳ ತಗದಂಗ ಬಿಡು. ಕಟ್ಟಿದಾವನ ಹೆಸರ ಕಲ್ಲಿನ ಮ್ಯಾಲ ಇರ್ತೈತಿ, ಹೂಳ ತಗದಾವಂದ ಯಾರ ಬರದಾರ?” ಅಂದ. ಲಿನಕ್ಸ್‌ನಲ್ಲಿ ಮಾತ್ರ ಹೂಳು ತೆಗೆದವರ ಹೆಸರೂ ಇದೆ. ಪ್ರತಿ ತಿದ್ದುಪಡಿಯ ಕೆಳಗೆ ಮಾಡಿದವರ ಸಹಿ ಇರುತ್ತದೆ.

ನಿಮ್ಮ ಮನೆಯಲ್ಲೂ ‘ಡ್ರೈವರ್ ಇಲ್ಲ’ ಎಂದು ಮೂಲೆ ಸೇರಿದ ಸಾಮಾನಿದ್ದರೆ, ಎಸೆಯುವ ಮುಂಚೆ ಒಮ್ಮೆ ಲಿನಕ್ಸ್ ಹಾಕಿದ ಕಂಪ್ಯೂಟರಿಗೆ ಜೋಡಿಸಿ ನೋಡಿ.